ಹೋಸ್ ಬಗ್ಗಿಸಿ ನೋಡಿದೆ
ಸ್ಕೂಬಾ ಡೈವಿಂಗ್‌ಗೆಂದು ನೇತ್ರಾಣಿ ದ್ವೀಪಕ್ಕೆ ಹೊರಡುವ ಮುನ್ನ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ, ಒರೆಸುತ್ತಾ ಕುಳಿತಿದ್ದೆ. ಮೌತ್‌ಪೀಸಿನಲ್ಲಿ ಹಲ್ಲು ಕಚ್ಚುವ ಜಾಗ ಹರಿದಿದೆ. ಅದೇನೂ ದೊಡ್ಡದಲ್ಲ, ಹೊಸದು ಹಾಕಿ ಪ್ಲಾಸ್ಟಿಕ್ ಟೈ ಬಿಗಿದರೆ ಮುಗಿಯಿತು.

ಆಮೇಲೆ ಹೋಸ್ ಬಗ್ಗಿಸಿದೆ. ಲೋಹದ ತುದಿ ಸೇರುವಲ್ಲಿ ರಬ್ಬರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ನೇರವಾಗಿ ಹಿಡಿದರೆ ಕಾಣುವುದೇ ಇಲ್ಲ! ಇದಕ್ಕೆ ರಿಪೇರಿ ಇಲ್ಲ, ಬದಲಿಸಲೇಬೇಕು.

ಸಿಲಿಂಡರಿಗೆ ಕೂರುವ ಭಾಗವಾದ ಫಸ್ಟ್ ಸ್ಟೇಜ್ ಮಾತ್ರ ಬಿಟ್ಟುಕೊಡಲಾರೆ. ಹಿತ್ತಾಳೆಯ ಒಡಲು ಗಟ್ಟಿಯಾಗಿದೆ. ಓ-ರಿಂಗ್, ಸೀಟ್‌ನಂಥ ಒಳಗಿನ ಸಣ್ಣ ಭಾಗಗಳನ್ನು ಬದಲಿಸಿದರೆ ಇನ್ನೂ ವರ್ಷಗಟ್ಟಲೆ ಬಾಳುತ್ತದೆ. ಬಿಡಿಭಾಗ ಸಿಗುವವರೆಗೂ ಅದು ನನ್ನದೇ.

20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಅಲ್ಲಿ ಉಸಿರು ಕೊಡುವ ಕೊಳವೆಯ ವಿಷಯದಲ್ಲಿ ಜಿಪುಣತನ ಮಾಡಲು ನನಗೆ ಮನಸ್ಸಿಲ್ಲ. ಈ ಸಲ ದೋಣಿ ತಪ್ಪಿದರೂ ಸರಿ, ನಾಳೆಯೇ ಸರ್ವಿಸ್‌ಗೆ ಕೊಡುತ್ತೇನೆ. ನೇತ್ರಾಣಿಯ ದೋಣಿ ಹಿಡಿಯಲು ಮುರುಡೇಶ್ವರಕ್ಕೆ ಹೊರಟವರು ನಿಮ್ಮ ಹೋಸನ್ನೂ ಒಮ್ಮೆ ಬಗ್ಗಿಸಿ ನೋಡಿ.