ಹಳದಿ ಚೀಲದೊಳಗಿನ ಸೂಜಿ

ಅಮ್ಮನ ಜೊತೆ ಮೂರು ದಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ನಿನ್ನೆ ಬೆಳಿಗ್ಗೆ ಕಸ ತೆಗೆಯುವ ಅಕ್ಕ ಹಳದಿ ಚೀಲದ ಬಾಯಿ ಕಟ್ಟುತ್ತಿದ್ದರು. ತಟ್ಟನೆ ಕೈ ಎಳೆದುಕೊಂಡರು. ತೆಳ್ಳನೆಯ ಗ್ಲೌಸ್ ಮೇಲೆ ಸಣ್ಣ ಕೆಂಪು ಚುಕ್ಕೆ. ಹತ್ತಿಯ ನಡುವೆ ಯಾರೋ ಸೂಜಿ ಬಿಸಾಕಿದ್ದರು.

ಯಾವ ಕಸ ಯಾವ ಬಣ್ಣಕ್ಕೆ ಅಂತ ಗೋಡೆ ಮೇಲೆ ಚಾರ್ಟ್ ಇತ್ತು. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಟ್ಯೂಬು, ಗ್ಲೌಸ್ ಕೆಂಪಿಗೆ. ಔಷಧಿಯ ಗಾಜಿನ ಸೀಸೆ ನೀಲಿಗೆ. ಸೂಜಿಗೆ ಮಾತ್ರ ಚುಚ್ಚಿದರೂ ತೂತಾಗದ ಬಿಳಿ ಡಬ್ಬ. ಆ ಬಿಳಿ ಡಬ್ಬ ಕಾರಿಡಾರಿನ ಕೊನೆಯಲ್ಲಿತ್ತು! ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್, ವಾರ್ಡ್ ತುಂಬ ರೋಗಿಗಳು. ಪ್ರತಿ ಇಂಜೆಕ್ಷನ್‌ಗೂ ಅಲ್ಲಿವರೆಗೆ ಓಡಲು ಆಗುತ್ತಾ? ನರ್ಸನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಡಬ್ಬ ಇಂಜೆಕ್ಷನ್ ಟ್ರಾಲಿಯ ಮೇಲೇ ಇರಬೇಕಿತ್ತು, ಅಲ್ವಾ?

ಆಸ್ಪತ್ರೆ ಕಸದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2016ರ ನಿಯಮದಲ್ಲಿ ಎಲ್ಲವೂ ಇದೆ. ಚೀಲಕ್ಕೆ ಬಾರ್‌ಕೋಡ್, ರಕ್ತ ಹತ್ತಿದ ಕಸವನ್ನು 48 ಗಂಟೆಗಿಂತ ಜಾಸ್ತಿ ಇಡಬಾರದು ಅಂತ, ಈ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಕಾಯಿಲೆ) ಲಸಿಕೆ. ಅಕ್ಕನನ್ನು ಕೇಳಿದೆ, "ಲಸಿಕೆ ಹಾಕಿಸಿದ್ದಾರಾ?" "ಗುತ್ತಿಗೆಯವರಿಗೆಲ್ಲಿ ಕಣಮ್ಮ" ಅಂದರು.

ನಲ್ಲಿ ಕೆಳಗೆ ಸೋಪು ಹಾಕಿ ಕೈ ತೊಳೆಸಿದೆ. ಡ್ಯೂಟಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ತಕ್ಷಣ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಚೀಟಿ ಹಿಡಿದು ಅಕ್ಕ ಕೇಳಿದ್ದು ಒಂದೇ: "ಇವತ್ತಿನ ಹಾಜರಿ ಹೋಗಲ್ಲ ತಾನೇ?"

ಇವತ್ತು ಅಮ್ಮನ ಡಿಸ್ಚಾರ್ಜ್. ಹೊರಡುವ ಮುಂಚೆ ಅಕ್ಕನ ರಿಪೋರ್ಟ್ ಕೇಳಿಕೊಂಡೇ ಬರುತ್ತೇನೆ.