ಐದು ದಿನದ ಗಾಳಿ ರೆಟಿನಾವನ್ನು ಹಿಡಿದಿಡುತ್ತದೆಯೇ?

ರೆಟಿನಾ (ಕಣ್ಣಿನ ಒಳಗೋಡೆಯ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪರದೆ) ಕಳಚಿ ಆಪರೇಷನ್ ಆದವರ ಮನೆಯವರು ತಪ್ಪದೆ ಕೇಳುವ ಪ್ರಶ್ನೆ ಇದು: "ಬೇರೆಯವರ ಕಣ್ಣೊಳಗೆ ಗ್ಯಾಸ್ ಹಾಕಿದ್ದಾರೆ, ಎಣ್ಣೆ ಹಾಕಿದ್ದಾರೆ. ನಮಗೆ ಬರೀ ಗಾಳಿ. ಅದು ವಾರದೊಳಗೆ ಕರಗಿಹೋಗುತ್ತದಂತೆ. ಆಮೇಲೆ ಪರದೆ ಮತ್ತೆ ಕಳಚುವುದಿಲ್ಲವೇ?"

ರೆಟಿನಾ ಕಳಚಲು ಕಾರಣವಾದ ರಂಧ್ರ ಸರಿಯಾದ ಜಾಗದಲ್ಲಿದ್ದು, ಒಳಗಿನ ಕೆಲಸ ಪೂರ್ತಿ ಆಗಿದ್ದರೆ, ಗಾಳಿ ಹೋಯಿತೆಂಬ ಕಾರಣಕ್ಕೆ ಕಳಚುವುದಿಲ್ಲ. ರೆಟಿನಾವನ್ನು ಕೊನೆತನಕ ಹಿಡಿಯುವುದು ಲೇಸರ್ ಹಾಕಿದ ಬೆಸುಗೆ. ಗಾಳಿಗುಳ್ಳೆ ಬೆಸುಗೆ ಒಣಗುವವರೆಗಿನ ಬಿರಡೆ, ಅಷ್ಟೆ. ಗುಳ್ಳೆ ಒತ್ತಿ ಹಿಡಿಯುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಒತ್ತುವುದಕ್ಕಿಂತ ಮುಚ್ಚುವುದೇ ಅದರ ಮುಖ್ಯ ಕೆಲಸ. ಗಾಳಿಗೂ ನೀರಿಗೂ ನಡುವಿನ ಮೇಲ್ಮೈ ಸೆಳೆತ ಬಲವಾಗಿರುವುದರಿಂದ ಗುಳ್ಳೆ ರಂಧ್ರದೊಳಗೆ ನುಗ್ಗದೆ ಅದರ ಬಾಯಿ ಮುಚ್ಚುತ್ತದೆ. ಕಣ್ಣೊಳಗಿನ ನೀರು ರೆಟಿನಾದ ಹಿಂದೆ ಹೋಗುವ ದಾರಿ ಕಟ್ಟಿದರೆ ಸಾಕು, ಅಲ್ಲಿ ಉಳಿದಿದ್ದ ನೀರನ್ನು ಹಿಂಬದಿಯ ವರ್ಣಕೋಶಗಳ ಪದರವೇ ಹೀರಿ ಹೊರಗೆ ಹಾಕುತ್ತದೆ.

ಈಗ ದಿನಗಳ ಲೆಕ್ಕ. ಗಾಳಿ ಉಳಿಯುವುದು ಸುಮಾರು 5ರಿಂದ 7 ದಿನ. ಎರಡು ಮೂರು ದಿನದಲ್ಲೇ ಅರ್ಧದಷ್ಟಾಗಿರುತ್ತದೆ. ಗಾಳಿಯೊಂದಿಗೆ ಬೆರೆಸಿ ಹಾಕುವ ಗ್ಯಾಸ್‌ಗಳಲ್ಲಿ 20% ಎಸ್‌ಎಫ್6 ಸುಮಾರು ಎರಡು ವಾರ, 14% ಸಿ3ಎಫ್8 ಆರರಿಂದ ಎಂಟು ವಾರ, ಸಿಲಿಕೋನ್ ಎಣ್ಣೆ ತೆಗೆಯುವವರೆಗೂ. ಲೇಸರ್ ಬೆಸುಗೆ ಮೊದಲ ದಿನದಿಂದಲೇ ಹಿಡಿಯತೊಡಗಿ ಪೂರ್ತಿ ಗಟ್ಟಿಯಾಗಲು ಹತ್ತು ಹದಿನಾಲ್ಕು ದಿನ ಬೇಕು. ನಡುವಿನ ಈ ಅಂತರ ನೋಡಿಯೇ ಭಯ ಹುಟ್ಟುವುದು. ಆದರೆ ರಂಧ್ರವನ್ನು ಎಳೆಯುವ ವಿಟ್ರಿಯಸ್ (ಕಣ್ಣೊಳಗೆ ತುಂಬಿರುವ ಲೋಳೆ) ಉಳಿದಿಲ್ಲದಿದ್ದರೆ ಮೊದಲ ಕೆಲವು ದಿನಗಳ ಬೆಸುಗೆಯೇ ತಡೆದುಕೊಳ್ಳುತ್ತದೆ.

ಆದ್ದರಿಂದ ಫಲಿತಾಂಶ ನಿರ್ಧಾರವಾಗುವುದು ಗುಳ್ಳೆ ಹಾಕುವ ಮೊದಲೇ. ವಿಟ್ರೆಕ್ಟಮಿಯಲ್ಲಿ, ಅಂದರೆ ಈ ಲೋಳೆಯನ್ನು ತೆಗೆಯುವ ಆಪರೇಷನ್‌ನಲ್ಲಿ, ರಂಧ್ರದ ಸುತ್ತಲಿನ ವಿಟ್ರಿಯಸ್ ಅನ್ನು ನುಣ್ಣಗೆ ಕತ್ತರಿಸಿ, ಎಳೆಯುತ್ತಿರುವ ತುಣುಕನ್ನೂ ತೆಗೆಯಬೇಕು. ಆಮೇಲೆ ನೀರಿನ ಜಾಗಕ್ಕೆ ಗಾಳಿ ಬಿಡುತ್ತಾ ರೆಟಿನಾದ ಹಿಂದಿನ ನೀರನ್ನು ರಂಧ್ರದ ಮೂಲಕವೇ ಹೀರಬೇಕು. (ಗ್ಯಾಸ್ ಹಾಕುವವರಿಗೂ ಸಾಮಾನ್ಯವಾಗಿ ಮೊದಲು ಹೋಗುವುದು ಗಾಳಿಯೇ.) ಕೊನೆಗೆ ರಂಧ್ರದ ಸುತ್ತ ಎರಡು ಮೂರು ಸಾಲು ಲೇಸರ್. ಕಿರಣ ಬಿದ್ದ ಕಡೆ ಬೂದುಬಿಳಿ ಚುಕ್ಕೆ ಮೂಡಬೇಕು. ರೆಟಿನಾದ ಅಡಿಯಲ್ಲಿ ನೀರು ನಿಂತಿದ್ದರೆ ಚುಕ್ಕೆ ಮೂಡುವುದೇ ಇಲ್ಲ. ಶಕ್ತಿ ಹೆಚ್ಚಿಸುತ್ತಾ ಹೋಗುವುದು ಅದಕ್ಕೆ ಮದ್ದಲ್ಲ, ಮತ್ತೆ ನೀರು ಹೀರಬೇಕು. ಇಲ್ಲಿ ಅವಸರಪಟ್ಟ ಕಣ್ಣಲ್ಲಿ ಗಾಳಿ ಸೋಲುತ್ತದೆ, ದೂರು ಮಾತ್ರ ಗಾಳಿಯ ಮೇಲೆ ಬರುತ್ತದೆ.

ಮೇಲ್ಭಾಗದ ಒಂದೆರಡು ರಂಧ್ರಗಳಿಗೆ, ನೀರು ಪೂರ್ತಿ ಹೋಗಿದ್ದರೆ, ಗಾಳಿಯ ಫಲಿತಾಂಶ ಗ್ಯಾಸಿಗೆ ಹೆಚ್ಚುಕಡಿಮೆ ಸಮ. 400 ಮೈಕ್ರಾನ್‌ಗಿಂತ ಚಿಕ್ಕ ಮ್ಯಾಕ್ಯುಲರ್ ಹೋಲ್‌ಗೂ (ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ಆಗುವ ರಂಧ್ರ) ಗಾಳಿ ಸಾಲುತ್ತದೆ. ದೊಡ್ಡದಾದರೆ ಗ್ಯಾಸ್ ಲೇಸು. ಕೆಳಭಾಗದ ರಂಧ್ರಕ್ಕೆ, ಅಂದರೆ ಗಡಿಯಾರದ 4ರಿಂದ 8ರ ನಡುವೆ, ಗಾಳಿ ಹಾಕಿ ಗೆದ್ದವರಿದ್ದಾರೆ. ಆದರೂ ಮೇಲೇರುವ ಗುಳ್ಳೆ ಕೆಳಗಿನ ಬಾಯನ್ನು ಮುಚ್ಚಲು ಹೆಣಗುತ್ತದೆ, ಅಲ್ಲಿ ಹೆಚ್ಚು ದಿನ ಉಳಿಯುವುದನ್ನೇ ಹಾಕುವುದು ಸರಿ ಎಂಬುದು ನನ್ನ ನಿಲುವು. ರೆಟಿನಾದ ಮೇಲೆ ಗಾಯದ ಪೊರೆ ಬೆಳೆದು ಸುಕ್ಕುಗಟ್ಟಿದ್ದರೆ ಗಾಳಿಯ ಮಾತೇ ಬೇಡ.

ಗಾಳಿಯ ಪರವಾಗಿ ಒಂದು ಗಟ್ಟಿ ಕಾರಣವಿದೆ: ಅದನ್ನು ಬೆರೆಸಬೇಕಿಲ್ಲ. 20% ಎಸ್‌ಎಫ್6 ಮಾಡಲು 50 ಮಿ.ಲೀ. ಸಿರಿಂಜಿನಲ್ಲಿ 10 ಮಿ.ಲೀ. ಶುದ್ಧ ಗ್ಯಾಸ್, 40 ಮಿ.ಲೀ. ಶೋಧಿಸಿದ ಗಾಳಿ. ಈ ಲೆಕ್ಕ ಅದಲುಬದಲಾದರೆ ಗುಳ್ಳೆ ಕಣ್ಣೊಳಗೇ ಹಿಗ್ಗಿ, ಒತ್ತಡ ಏರಿ, ರೆಟಿನಾಕ್ಕೆ ರಕ್ತ ಹೋಗುವುದೇ ನಿಲ್ಲಬಹುದು.

ಗಾಳಿಯ ಆಯುಸ್ಸು ಕಡಿಮೆಯಾದ್ದರಿಂದ ಮೊದಲ ಎರಡು ಮೂರು ದಿನ ತಲೆ ಇಡುವ ಭಂಗಿ ಬಂಗಾರದಷ್ಟು ಬೆಲೆಯದು. ರಂಧ್ರ ಎಲ್ಲಕ್ಕಿಂತ ಮೇಲೆ ಬರುವಂತೆ ಮಲಗಬೇಕು: ಬಲಗಣ್ಣಿನ ಹೊರಮೇಲ್ಬದಿಯಲ್ಲಿದ್ದರೆ ಎಡಗೆನ್ನೆ ದಿಂಬಿಗೆ, ಮ್ಯಾಕ್ಯುಲರ್ ಹೋಲ್ ಆದರೆ ಮುಖ ಕೆಳಗೆ. ಅಂಗಾತ ಮಲಗಿದರೆ ಗುಳ್ಳೆ ಮಸೂರಕ್ಕೆ ತಾಗಿ ಪೊರೆ ಬರಬಹುದು, ಒತ್ತಡ ಏರಬಹುದು. ಗುಳ್ಳೆ ಪೂರ್ತಿ ಹೋಗಿದೆ ಎಂದು ವೈದ್ಯರು ಹೇಳುವವರೆಗೆ ವಿಮಾನ, ಎತ್ತರದ ಘಟ್ಟ ಎರಡೂ ಬೇಡ. ವಿಮಾನದೊಳಗಿನ ಒತ್ತಡ 2,400 ಮೀಟರ್ ಎತ್ತರದಷ್ಟಕ್ಕೆ ಇಳಿದಾಗ ಗುಳ್ಳೆ ಮೂರನೇ ಒಂದು ಭಾಗ ಹಿಗ್ಗಲು ನೋಡುತ್ತದೆ. ಬೇರೆ ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವವರಿಗೂ ಕಣ್ಣಲ್ಲಿ ಗಾಳಿಯಿದೆ ಎಂದು ಹೇಳಿ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಗುಳ್ಳೆಯೊಳಗೆ ನುಗ್ಗಿ ಅದನ್ನು ಹಿಗ್ಗಿಸುತ್ತದೆ.

ಮೊದಲಿಗೆ ಕೈಯಾಡಿಸಿದ್ದಷ್ಟೇ ಕಂಡೀತು. ನಂತರ ಮೇಲಿನಿಂದ ತಿಳಿಯಾಗುತ್ತಾ, ರಸಮಟ್ಟದಲ್ಲಿ ಕಂಡಂತೆ ಒಂದು ಗೆರೆ ಅಲುಗಾಡುತ್ತಾ ಕೆಳಗಿಳಿಯುತ್ತದೆ. ಗುಳ್ಳೆ ಇರುವುದು ಮೇಲೆ. ರೆಟಿನಾದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಕೆಳಗಿದ್ದಂತೆ ಕಾಣುತ್ತದೆ. ಕೊನೆಗೆ ಚಿಕ್ಕ ಕಪ್ಪು ಉಂಡೆಯಾಗಿ, ಒಂದು ದಿನ ಇಲ್ಲವಾಗುತ್ತದೆ. ದೃಷ್ಟಿ ಎಷ್ಟು ಮರಳುತ್ತದೆ ಎಂಬುದು ಆಪರೇಷನ್‌ಗೆ ಮೊದಲು ಮ್ಯಾಕ್ಯುಲಾ ಕಳಚಿತ್ತೇ, ಎಷ್ಟು ದಿನ ಕಳಚಿತ್ತು ಎಂಬುದರ ಮೇಲಿದೆ. ಸುಧಾರಣೆ ತಿಂಗಳುಗಟ್ಟಲೆ ನಡೆಯುತ್ತದೆ.

ಗುಳ್ಳೆ ಹೋದ ಮೇಲೆ ಅಂಚಿನಿಂದ ನೆರಳು ಮತ್ತೆ ಮುಸುಕಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಹೋಗಿ ತೋರಿಸಿ. ಗಾಯದ ಪೊರೆ ಬೆಳೆದು ಮತ್ತೆ ಕಳಚುವುದಾದರೆ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಎರಡು ತಿಂಗಳಲ್ಲೇ.