ಖಾನಾಪುರದ ಕೆಂಪು ದಾರಿಗಳಲ್ಲಿ ಗ್ರಾವೆಲ್ ಸೈಕಲ್

ಬೆಳಗಾವಿಯಿಂದ ಪೂರ್ವಕ್ಕೆ ಹೊರಟರೆ ಎರೆಭೂಮಿ ಎದುರಾಗುತ್ತದೆ. ನೈಋತ್ಯಕ್ಕೆ, ಖಾನಾಪುರ ತಾಲ್ಲೂಕಿನ ಜಾಂಬೋಟಿ ಮತ್ತು ಕಣಕುಂಬಿಗಳ ಕಡೆಗೆ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ನೆಲ ಕೆಂಪಾಗುತ್ತ, ದಾರಿ ಏರುತ್ತ, ಹೊಲಗಳ ಜಾಗವನ್ನು ಕಾಡು ಹಿಡಿಯುತ್ತ ಹೋಗುತ್ತದೆ. ಈ ಎರಡು ಮಣ್ಣುಗಳನ್ನು ಒಂದೇ ಸೈಕಲ್ಲಿನ ಮೇಲೆ ತುಳಿದು ನೋಡಿದ ಮೇಲೆ ನನಗೆ ದೃಢವಾದದ್ದು ಇಷ್ಟು: ನಮ್ಮ ಸೀಮೆಯ ಗುಡ್ಡಗಳಲ್ಲಿ ಗ್ರಾವೆಲ್ ಸವಾರಿ, ಅಂದರೆ ಡಾಂಬರಿಲ್ಲದ ಮಣ್ಣು ಜಲ್ಲಿಗಳ ದಾರಿಯ ಸೈಕಲ್ ಸವಾರಿ, ಕಲಿಯಬೇಕೆನ್ನುವವರು ಸೈಕಲ್ಲಿನ ಬೆಲೆಯನ್ನು ವಿಚಾರಿಸುವುದಕ್ಕಿಂತ ಮೊದಲು ಕಾಲ ಕೆಳಗಿನ ಮಣ್ಣನ್ನು ಓದಲು ಕಲಿಯಬೇಕು.

ಗ್ರಾವೆಲ್ ಸೈಕಲ್ಲಿಗೆ ರೇಸ್ ಸೈಕಲ್ಲಿನಂಥದೇ ಬಾಗಿದ ಹ್ಯಾಂಡಲ್ ಇರುತ್ತದೆ. ಆದರೆ ಟಯರು ಸಾಮಾನ್ಯವಾಗಿ 38ರಿಂದ 45 ಮಿಲಿಮೀಟರ್ ಅಗಲ, ಬ್ರೇಕು ಡಿಸ್ಕ್, ಗೇರುಗಳು ಕಡಿದಾದ ಏರಿಗೆ ಒಗ್ಗುವಷ್ಟು ಹಗುರ. ಈ ಆಟ ಬೆಳೆದದ್ದು ಅಮೆರಿಕದಲ್ಲಿ. ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಸ್ಪರ್ಧೆ ಇಂದು ಅನ್‌ಬೌಂಡ್ ಎಂಬ ಹೆಸರಿನಿಂದ ಜಗತ್ತಿನ ಸವಾರರನ್ನು ಸೆಳೆಯುತ್ತದೆ. 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಕಾನ್ಸಾಸಿನ ಆ ಗುಡ್ಡಗಳಲ್ಲಿರುವುದು ಚಕಮಕಿ ಕಲ್ಲು. ಅದರ ಚೂಪಾದ ಚೂರುಗಳು ಟಯರಿನ ಪಕ್ಕೆಯನ್ನು ಸೀಳುತ್ತವೆ. ಹಾಗಾಗಿ ಅಲ್ಲಿಯ ಸವಾರರು ಬರೆಯುವ ಸಲಹೆಗಳಲ್ಲಿ ಟಯರು ಹರಿಯುವ ಭಯವೇ ದೊಡ್ಡದು. ಖಾನಾಪುರದ ದಾರಿಗಳಲ್ಲಿ ಟಯರು ಹರಿಯುವುದು ಅಪರೂಪ, ಜಾರುವುದು ದಿನನಿತ್ಯದ ಮಾತು.

ಅದಕ್ಕೆ ಕಾರಣ ಜಂಬಿಟ್ಟಿಗೆ ಕಲ್ಲು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗಳಿಗೆ ಮೂಲ ಶಿಲೆ ಕೊಳೆತು, ಅದರೊಳಗಿನ ಕರಗುವ ಅಂಶವೆಲ್ಲ ನೀರಿನೊಡನೆ ಹರಿದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದುಕೊಂಡು ಆದ ಕಲ್ಲು ಇದು. ನೆಲದೊಳಗಿದ್ದಾಗ ಮೆತ್ತಗಿರುವ ಇದು ಗಾಳಿಗೆ ತೆರೆದುಕೊಂಡರೆ ಗಡುಸಾಗುತ್ತದೆ. ದಾರಿಯ ಮೇಲೆ ಇದರ ಗಟ್ಟಿ ಚಿಪ್ಪೊಂದು ಕೂತಿರುತ್ತದೆ, ಆ ಚಿಪ್ಪಿನ ಮೇಲೆ ಸಣ್ಣ ದುಂಡು ಹರಳುಗಳು ಹರಡಿರುತ್ತವೆ. ನಯವಾದ ನೆಲದ ಮೇಲೆ ಚೆಲ್ಲಿದ ಕಡಲೆಕಾಳಿನ ಮೇಲೆ ಕಾಲಿಟ್ಟರೆ ಹೇಗೋ ಹಾಗೆ, ತಿರುವಿನಲ್ಲಿ ಮುಂದಿನ ಗಾಲಿ ಸದ್ದಿಲ್ಲದೆ ಪಕ್ಕಕ್ಕೆ ಸರಿದುಬಿಡುತ್ತದೆ.

ಇದಕ್ಕೆ ಮದ್ದು ಟಯರಿನ ಗಾಳಿಯಲ್ಲಿದೆ. ಪಂಚರ್ ಅಂಗಡಿಯವರು ಪ್ರೀತಿಯಿಂದಲೇ, "ಗಟ್ಟಿ ಇರ್ಲಿ ಬಿಡ್ರಿ ಸರ, ದಾರ್ಯಾಗ ತ್ರಾಸ ಆಗೂದಿಲ್ಲ" ಎಂದು ಕಲ್ಲಿನಂತಾಗುವವರೆಗೆ ಗಾಳಿ ತುಂಬುತ್ತಾರೆ. ಡಾಂಬರಿಗೆ ಅದು ಸರಿ. ಕೆಂಪು ಹರಳಿನ ಮೇಲೆ ಬಿಗಿಯಾದ ಟಯರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಸ್ವಲ್ಪ ಮೆತ್ತಗಿರುವ ಟಯರು ಹರಳುಗಳನ್ನು ಅಪ್ಪಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಸುಮಾರು ಎಪ್ಪತ್ತು ಕೆಜಿ ತೂಗುವ ನಾನು 40 ಮಿಲಿಮೀಟರ್ ಟಯರಿಗೆ ಹಿಂದೆ 36, ಮುಂದೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಳ್ಳುತ್ತೇನೆ. ಟ್ಯೂಬ್ ಇದ್ದರೆ ಇಷ್ಟು ಕಡಿಮೆ ಗಾಳಿಯಲ್ಲಿ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಎರಡು ತೂತಾಗುವ ಸಂಭವ ಹೆಚ್ಚು. ಆದ್ದರಿಂದ ಟ್ಯೂಬ್‌ಲೆಸ್ ಮಾಡಿಸಿಕೊಳ್ಳುವ ಖರ್ಚು ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ತೂತುಗಳನ್ನು ಮುಚ್ಚಲೆಂದು ಒಳಗೆ ಹಾಕುವ ಸೀಲಂಟ್ ದ್ರವ ನಮ್ಮ ಬೇಸಿಗೆಗೆ ಬೇಗ ಒಣಗುತ್ತದೆ, ಕೆಲವು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು.

ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ಹಿಡಿತ ಬಿಟ್ಟು ನಿಂತಲ್ಲೇ ತಿರುಗುತ್ತದೆ. ಕೂತೇ ತುಳಿಯಬೇಕು, ಅದಕ್ಕೆ ಹಗುರ ಗೇರು ಬೇಕು. ಮುಂದೆ 40 ಹಲ್ಲು, ಹಿಂದೆ 42 ಹಲ್ಲಿನ ಗೇರು ಚಕ್ರಗಳ ಜೋಡಣೆ ನಮ್ಮ ಘಟ್ಟದ ಅಂಚಿಗೆ ಸಾಕಾಗುತ್ತದೆ. ಇಳಿಜಾರಿನಲ್ಲಿ ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಮುಟ್ಟದೆ ಹೊರಳಬೇಕು. ಮಳೆಗಾಲದಲ್ಲಿ ಇದೇ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ; ನೆರಳಿನ ಜಾಗದಲ್ಲಿ ಹಸಿರು ಛಾಯೆ ಕಂಡರೆ ಇಳಿದು ನಡೆಯುವುದೇ ಲೇಸು.

ಎರೆಮಣ್ಣಿನ ಕಥೆ ಬೇರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯಕ್ಕೆ ಹೆಸರಾಂತ ಸೈಕಲ್ ಪಟುಗಳನ್ನು ಕೊಟ್ಟಿವೆ, ಬೇಸಿಗೆಯಲ್ಲಿ ಅಲ್ಲಿಯ ಚಕ್ಕಡಿ ದಾರಿಗಳು ಸಿಮೆಂಟಿನಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಆ ಜೇಡಿ ಉಬ್ಬಿ, ಟಯರಿಗೆ ಮೆತ್ತಿಕೊಂಡು, ಗಾಲಿಗೂ ಫೋರ್ಕಿಗೂ ನಡುವಿನ ಸಂದನ್ನು ತುಂಬಿ ಸೈಕಲ್ಲನ್ನು ನಿಲ್ಲಿಸಿಬಿಡುತ್ತದೆ. ಜಂಬಿಟ್ಟಿಗೆ ನೆಲ ರಂಧ್ರಮಯವಾದದ್ದರಿಂದ ನೀರು ಬೇಗ ಇಂಗುತ್ತದೆ, ಮಳೆ ಬಿಟ್ಟ ಮರುದಿನವೇ ಹೋಗಲು ಯೋಗ್ಯವಾಗಿರುತ್ತದೆ.

ಹೊಸಬರಿಗೆ ನಾನು ಹೇಳುವ ದಾರಿ ಖಾನಾಪುರದಿಂದ ನಂದಗಡ, ಅಲ್ಲಿಂದ ಹಲಸಿ. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಹಲಸಿ ಕದಂಬರ ನೆಲೆ, ಭೂವರಾಹ ನರಸಿಂಹ ದೇವಾಲಯದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಬಹುದು. ಡಾಂಬರಿನ ಬದಿಗೆ ಹೊಲಗಳ ನಡುವೆ ಕವಲೊಡೆಯುವ ಮಣ್ಣಿನ ದಾರಿಗಳಲ್ಲಿ ಫೋನಿನ ನಕ್ಷೆಗಿಂತ ಊರವರ ಮಾತು ನಂಬಿಕೆಗೆ ಯೋಗ್ಯ. ಎಮ್ಮೆ ಕಾಯುತ್ತಿದ್ದ ಅಜ್ಜರೊಬ್ಬರು ನನ್ನನ್ನು ತಡೆದು, "ತಮ್ಮಾ, ಮುಂದ ಹಳ್ಳ ದಾರಿ ಕೊರದೈತಿ, ಇಳದು ದಬ್ಕೊಂಡ ಹೋಗು" ಎಂದಿದ್ದರು. ಇಳಿಜಾರಿನ ತಿರುವಿನಾಚೆ ಮೊಣಕಾಲೆತ್ತರದ ಕೊರಕಲು ನಿಜಕ್ಕೂ ಬಾಯ್ದೆರೆದಿತ್ತು.

ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ಅಲ್ಲಿಗೆ ಹೋಗುವ ಚೋರ್ಲಾ ಘಟ್ಟದ ರಸ್ತೆ ಗೋವಾಕ್ಕೆ ಸಾಗುವ ವಾಹನಗಳಿಂದ ತುಂಬಿರುವುದರಿಂದ ನಸುಕಿನಲ್ಲಿಯೇ ಹೊರಡಬೇಕು. ಅಲ್ಲಿಂದ ಒಳಗೆ ಕವಲೊಡೆಯುವ ಕಾಡುದಾರಿಗಳು ಎಷ್ಟೇ ಆಸೆ ಹುಟ್ಟಿಸಿದರೂ 2011ರಿಂದ ಭೀಮಗಡ ವನ್ಯಜೀವಿಧಾಮವಾಗಿರುವ ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಕರಡಿ ಮತ್ತು ಕಾಡುಕೋಣಗಳ ಕಾಡು ಅದು, ಸದ್ದು ಮಾಡದೆ ಬರುವ ಸೈಕಲ್ಲು ತಿರುವಿನಲ್ಲಿ ಅವುಗಳನ್ನು ಬೆಚ್ಚಿಬೀಳಿಸಿದರೆ ಸವಾರನಿಗೂ ಪ್ರಾಣಿಗೂ ಕೇಡು. ಮುಖ್ಯ ರಸ್ತೆಗಳ ಬದಿಯ ಹಳ್ಳಿಗಳ ನಡುವೆಯೇ ಒಂದು ಇಡೀ ಚಳಿಗಾಲಕ್ಕೆ ಸಾಕಾಗುವಷ್ಟು ಕೆಂಪು ದಾರಿಗಳಿವೆ, ದೀಪಾವಳಿ ಮುಗಿದ ಮೇಲೆ ಅವು ಚೆನ್ನಾಗಿ ಒಣಗಿರುತ್ತವೆ.